ಕೌದಿಗೆ ಹೊಲಿದವಳ ಹೆಸರೂ ಇರಲಿ

ಉಳಿದ ಬಟ್ಟೆ ಚೂರುಗಳಿಂದ ಕ್ವಿಲ್ಟ್ ಮಾಡೋದು ಹೇಗೆ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೂರೆಂಟು ಪಾಠ ಸಿಗುತ್ತವೆ. ಅವುಗಳ ನಡುವೆ ‘ಕವಂದಿ’ ಅಂತ ಒಂದು ಹೆಸರು ಕಾಣಿಸುತ್ತೆ. ಅಮೆರಿಕದ ಹೆಂಗಸರು ಅದನ್ನ ಪ್ರೀತಿಯಿಂದ ಕಲೀತಾ ಇದ್ದಾರೆ. ಇದು ಹೋಗಿದ್ದು ಎಲ್ಲಿಂದ ಗೊತ್ತಾ? ನಮ್ಮ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಕಡೆಯ ಸಿದ್ದಿ ಹೆಂಗಸರ ಕೈಯಿಂದ!

ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಬಹಳಷ್ಟು ಜನ ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಅಮೆರಿಕದ ‘ಲಾಗ್ ಕ್ಯಾಬಿನ್’ ಬ್ಲಾಕ್ ನೋಡಿ. ನಡುವೆ ಒಂದು ಚೌಕದ ತುಂಡು, ಅದರ ಸುತ್ತ ಪಟ್ಟಿ ಮೇಲೆ ಪಟ್ಟಿ. ಇಂಥ ಬ್ಲಾಕ್‌ಗಳನ್ನ ಜೋಡಿಸಿದರೆ ಕ್ವಿಲ್ಟಿನ ಮೇಲ್ಮೈ. ಸಿದ್ದಿ ಕೌದಿ ಇದಕ್ಕೆ ಪೂರ್ತಿ ಉಲ್ಟಾ. ಕೆಳಗೆ ಒಂದು ಹಳೇ ಸೀರೆ. ಒಂದು ಮೂಲೆಯಿಂದ ಶುರು ಮಾಡಿ, ಚೂರಿನ ಅಂಚು ಮಡಚಿ, ಕೈಹೊಲಿಗೆ ಹಾಕ್ತಾ ಅಂಚಿನುದ್ದಕ್ಕೂ ಹೋಗಿ, ಸುತ್ತು ಸುತ್ತಾಗಿ ನಡುವಿಗೆ ಬರೋದು. ಬ್ಲಾಕೂ ಇಲ್ಲ, ನಕ್ಷೆಯೂ ಇಲ್ಲ. ಕ್ರಿಶ್ಚಿಯನ್ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದ್ದರಲ್ಲಿ ಅರ್ಧಚಂದ್ರ ಬರೋದುಂಟು. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ತ್ರಿಕೋನ, ಅದೇ ‘ಫೂಲ’. ಫೂಲ ಇಲ್ಲದ ಕೌದಿ ಬತ್ತಲೆ ಅಂತಾರೆ ಅವರು.

ಹೊರಗಿನವರು ಇದನ್ನ ಕಲೆ ಅಂತ ಗುರುತಿಸಿ ಬಹಳ ಕಾಲ ಆಯ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಸೆಂಟರಿನ ಗೋಡೆ ಏರಿದವು.

ಮತ್ತೆ ನಾವು? "ಹಳೇ ಬಟ್ಟೆ ತಾನೆ, ಇಷ್ಟು ದುಡ್ಡು ಯಾಕೆ?" ಅಂತೀವಿ. ಒಂದು ಲೆಕ್ಕ ಹಾಕೋಣ. ಐದಡಿ ಅಗಲ, ಏಳಡಿ ಉದ್ದದ ಕೌದಿ. ಅರ್ಧ ಇಂಚಿಗೆ ಒಂದು ಸಾಲು ಹೊಲಿಗೆ ಅಂದುಕೊಂಡರೂ ಒಟ್ಟು 840 ಅಡಿ ಆಗುತ್ತೆ. ಅಷ್ಟುದ್ದ ಸೂಜಿಯನ್ನ ಎಲ್ಲ ಪದರ ದಾಟಿಸಿ ಕೈಯಲ್ಲೇ ಎಳೀಬೇಕು. ಬಟ್ಟೆ ಪುಕ್ಕಟೆ ಇರಬಹುದು, ಬೆರಳು ಪುಕ್ಕಟೆ ಅಲ್ಲ ಸ್ವಾಮಿ.

ಕೌದಿ ಏನು ಸಿದ್ದಿಗಳದ್ದು ಮಾತ್ರವಾ, ಧಾರವಾಡ, ಬೆಳಗಾವಿ ಕಡೆ ಮನೆಮನೆಯಲ್ಲೂ ಇತ್ತಲ್ಲ ಅಂತ ನೀವು ಕೇಳಬಹುದು. ನಿಜ. ಹೊಲಿಗೆಗೆ ಯಾರೂ ಬೇಲಿ ಹಾಕೋಕಾಗಲ್ಲ, ಹಾಕಲೂಬಾರದು. ಯಾರು ಬೇಕಾದರೂ ಕಲೀಲಿ. ಆದರೆ ಅಂಚಿನಿಂದ ನಡುವಿಗೆ ಬಂದು ಫೂಲ ಇಟ್ಟು ಮುಗಿಸೋ ಆ ರೀತಿಗೆ ಸಿದ್ದಿಗಳ ಹೆಸರಿದೆ. ಕಲಿಸುವಾಗ ಅದನ್ನ ಹೇಳಬೇಕು, ಅಷ್ಟೆ.

ಅಲಬಾಮದ ಜೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಗಳಿಂದ ಕ್ವಿಲ್ಟ್ ಹೊಲೀತಿದ್ದರು. 2002ರಲ್ಲಿ ಅವು ಮ್ಯೂಸಿಯಂಗೆ ಹೋದಾಗ ಹೊಲಿದವರ ಹೆಸರನ್ನೂ ಜೊತೆಗೆ ಹಾಕಿದ್ದರು. 2006ರಲ್ಲಿ ಅಂಚೆಚೀಟಿಯೂ ಬಂತು. ನಮ್ಮಲ್ಲಿ ‘ಟ್ರೈಬಲ್ ಆರ್ಟ್’ ಅಂತ ಒಂದು ಚೀಟಿ ಅಂಟಿಸಿದರೆ ಮುಗೀತು!

ದಾಂಡೇಲಿಗೆ ರಾಫ್ಟಿಂಗ್‌ಗೆ ಅಂತ ಹೋಗ್ತೀರಲ್ಲ, ಕೌದಿ ಸಿಕ್ಕರೆ ಚೌಕಾಸಿ ಮಾಡಬೇಡಿ. ಯಾರು ಹೊಲಿದಿದ್ದು, ಯಾವ ಊರು ಅಂತ ಕೇಳಿ. ಮಾರುವವನಿಗೆ ಗೊತ್ತಿಲ್ಲದಿದ್ದರೆ ಹೊಲಿದವಳಿಗೆ ದುಡ್ಡು ಎಷ್ಟು ತಲುಪುತ್ತೆ ಅನ್ನೋದು ಅನುಮಾನವೇ. ಕೌದಿಯ ಮೂಲೆಗೆ ಫೂಲ ಇದ್ದ ಹಾಗೆ ಅವಳ ಹೆಸರೂ ಒಂದು ಮೂಲೆಯಲ್ಲಿ ಇರಬೇಕು ಅನ್ನೋದು ನನ್ನ ವಾದ.

ನೀವೇನಂತೀರಿ?