ಸೂಜಿಯಿಲ್ಲದೆ ಸಕ್ಕರೆ ಅಳೆಯುವ ಗಡಿಯಾರ

ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಸ್ಮಾರ್ಟ್ ವಾಚು ಈಗ ಅನೇಕ ಹಿರಿಯರ ಕೈಯಲ್ಲಿದೆ. ನಡೆದ ಹೆಜ್ಜೆಗಳನ್ನು ಎಣಿಸುತ್ತದೆ, ನಾಡಿ ಬಡಿತ ತೋರಿಸುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ರಕ್ತದ ಸಕ್ಕರೆಯನ್ನೂ ಚುಚ್ಚದೆಯೇ ಹೇಳುತ್ತೇವೆಂದು ಕೆಲವು ಅಗ್ಗದ ವಾಚುಗಳು ಮಾರಾಟಕ್ಕೆ ಬಂದಿವೆ. ಇವನ್ನು ದಯವಿಟ್ಟು ನಂಬಬೇಡಿ.

ಈಚೆಗೆ ನಿವೃತ್ತ ಉಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದಿದ್ದರು. ಹತ್ತು ವರ್ಷದಿಂದ ಮಧುಮೇಹ. ವಾಚು ದಿನವೂ 110ರ ಆಸುಪಾಸು ತೋರಿಸುತ್ತಿದ್ದುದರಿಂದ ರಾತ್ರಿಯ ಮಾತ್ರೆಯನ್ನು ತಾವೇ ಬಿಟ್ಟಿದ್ದರು. ಬೆರಳು ಚುಚ್ಚಿ ನೋಡಿದರೆ 286! ಕಾಲಿನಲ್ಲಿ ಮಾಯದ ಒಂದು ಹುಣ್ಣೂ ಇತ್ತು. ಆ ವಾಚನ್ನು ಮೇಜಿನ ಮೇಲಿದ್ದ ಬಾಳೆಹಣ್ಣಿಗೆ ಸುತ್ತಿದೆವು. ಅದಕ್ಕೂ ಸಕ್ಕರೆ 108 ಎಂದಿತು. ಮೇಷ್ಟರು ನಕ್ಕರು, ನನಗೆ ನಗು ಬರಲಿಲ್ಲ.

ನಾಡಿ ಎಣಿಸುವ ವಾಚು ಸಕ್ಕರೆಯನ್ನೇಕೆ ಅಳೆಯಲಾರದು ಎಂದು ನೀವು ಕೇಳಬಹುದು. ವಾಚಿನ ಹಿಂಬದಿಯಿಂದ ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ. ಹೃದಯ ಬಡಿದಾಗಲೆಲ್ಲ ಅಲ್ಲಿ ರಕ್ತ ಹೆಚ್ಚಿ, ಬೆಳಕು ಹೆಚ್ಚು ಹೀರಲ್ಪಡುತ್ತದೆ. ಈ ಏರಿಳಿತವನ್ನು ಎಣಿಸುವುದು ಸುಲಭ. ಸಕ್ಕರೆಯಾದರೋ ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು ನೂರು ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಚರ್ಮದಲ್ಲಿರುವ ನೀರು, ಕೊಬ್ಬು, ಪ್ರೋಟೀನುಗಳ ನಡುವೆ ಅದರ ಸುಳಿವು ಮುಳುಗಿಹೋಗುತ್ತದೆ. ಕಣ್ಣೀರಿನ ಸಕ್ಕರೆ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾಡುವುದಾಗಿ ಗೂಗಲ್ 2014ರಲ್ಲಿ ಪ್ರಕಟಿಸಿತ್ತು. ಅದರ ಸೋದರ ಸಂಸ್ಥೆ ವೆರಿಲಿ 2018ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಅಷ್ಟು ಹಣ, ಅಷ್ಟು ವಿಜ್ಞಾನಿಗಳಿದ್ದವರಿಗೆ ಆಗದ್ದು ಎರಡು ಸಾವಿರ ರೂಪಾಯಿಯ ವಾಚಿಗೆ ಆದೀತೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು: ಚರ್ಮ ಚುಚ್ಚದೆ ತಾನಾಗಿ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ನೀಡಿಲ್ಲ.

ಇಲ್ಲೊಂದು ಗೊಂದಲವಿದೆ. ಪಕ್ಕದ ಮನೆಯವರ ವಾಚಿನಲ್ಲಿ ಸಕ್ಕರೆಯ ಅಂಕಿ ನಿಜವಾಗಿಯೇ ಕಾಣುತ್ತಿರಬಹುದು. ಅವರ ತೋಳನ್ನು ನೋಡಿ. ಅಲ್ಲಿ ಬಿಲ್ಲೆಯಂಥದೊಂದು ಅಂಟಿಕೊಂಡಿದ್ದರೆ, ಅದರ ಕೂದಲೆಳೆಯಂಥ ತಂತು ಚರ್ಮದಡಿಯ ದ್ರವದಲ್ಲಿ ಸಕ್ಕರೆ ಅಳೆಯುತ್ತಿರುತ್ತದೆ. ವಾಚು ಬರಿಯ ಪರದೆ. ಆ ಬಿಲ್ಲೆ ಉಪಯುಕ್ತ, ಆದರೆ ದುಬಾರಿ. ಎಲ್ಲರಿಗೂ ಬೇಕಿಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇಷ್ಟು ದೊಡ್ಡ ಮಾರುಕಟ್ಟೆ, ಜೊತೆಗೆ ಸೂಜಿಯ ಭಯ. ವ್ಯಾಪಾರಿಗೆ ಇನ್ನೇನು ಬೇಕು? ಇಂಥ ಜಾಹೀರಾತುಗಳನ್ನು ಸರ್ಕಾರವೇ ತಡೆಯಬೇಕೆಂಬುದು ನನ್ನ ಅಭಿಪ್ರಾಯ.

ಇಂಥ ವಾಚು ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ, ಅದು ತೋರಿಸುವ ಸಕ್ಕರೆಯ ಅಂಕಿ ನೋಡಿ ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ಬದಲಿಸಬೇಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಬೆವರು, ಕೈನಡುಕ, ತಲೆಸುತ್ತು ಬಂದರೆ ವಾಚು ಏನೇ ಹೇಳಲಿ, ಗ್ಲೂಕೋಮೀಟರಿನಲ್ಲಿ ನೋಡಿ. ಅದು ಕೈಗೆ ಸಿಗದಿದ್ದರೆ ಕಾಯದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.