ನಿಮ್ಮ ಕಾರಿನ ಚಕ್ರ ನೀವೇ ಒಮ್ಮೆ ಅಳೆದು ನೋಡಿ

ಕಾರು ಇಟ್ಟುಕೊಂಡಿರುವ ಎಲ್ಲರಲ್ಲೂ ನನ್ನದೊಂದು ವಿನಂತಿ. ಮುಂದಿನ ಸಲ ವೀಲ್ ಅಲೈನ್‌ಮೆಂಟ್ ಮಾಡಿಸಲು ಹೊರಡುವ ಮುಂಚೆ, ಮನೆ ಮುಂದೆಯೇ ದಾರ ಕಟ್ಟಿ ನಿಮ್ಮ ಚಕ್ರ ಎಷ್ಟು ತಿರುಗಿ ನಿಂತಿದೆ ಎಂದು ನೀವೇ ಅಳೆಯಿರಿ. ಸರಿಪಡಿಸುವ ಮಾತು ಆಮೇಲೆ. ಮೊದಲು ಅಳತೆ ನಿಮ್ಮ ಕೈಯಲ್ಲಿರಲಿ.

ಅಲೈನ್‌ಮೆಂಟ್ ಅಂಗಡಿಯಲ್ಲಿ ನಾವು ಬಹುತೇಕರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತೇವೆ. ನಾಲ್ಕು ಚಕ್ರಕ್ಕೂ ಫಲಕ ಸಿಕ್ಕಿಸುತ್ತಾರೆ, ಪರದೆಯ ಮೇಲೆ ಕೆಂಪು ಅಂಕಿಗಳು ಬರುತ್ತವೆ, ಸ್ವಲ್ಪ ಹೊತ್ತಿಗೆ ಹಸಿರಾಗುತ್ತವೆ. ಕೆಂಪಿದ್ದದ್ದು ಏನು, ಹಸಿರಾದದ್ದು ಹೇಗೆ ಎಂದು ನಾವು ಕೇಳುವುದಿಲ್ಲ. "ಸಾರ್, ಕ್ಯಾಂಬರ್ ಔಟ್ ಆಗಿದೆ, ಅದನ್ನೂ ಮಾಡ್ಬಿಡ್ತೀವಿ" ಎಂದರೆ ತಲೆಯಾಡಿಸುತ್ತೇವೆ. ಕೆಲಸ ಬಲ್ಲ ಪ್ರಾಮಾಣಿಕ ಹುಡುಗರು ಈ ಅಂಗಡಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಏನೂ ತಿಳಿಯದ ಗಿರಾಕಿಗೆ ಅವರ ಒಳ್ಳೆಯ ಕೆಲಸವೂ ಕಾಣುವುದಿಲ್ಲ, ಪಕ್ಕದವನ ಕೆಟ್ಟ ಕೆಲಸವೂ ಕಾಣುವುದಿಲ್ಲ.

ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡೂ ಚಕ್ರ ಸೇರಿಸುವ ಒಂದೇ ಬೀಮ್. ಇಂಥ ಕಾರಿನಲ್ಲಿ ತಿರುಗಿಸಿ ಹೊಂದಿಸಲು ಕಂಪನಿ ಬಿಟ್ಟಿರುವುದು ಸಾಮಾನ್ಯವಾಗಿ ಮುಂದಿನ ಚಕ್ರಗಳ ಟೋ ಒಂದನ್ನೇ. ಮೇಲಿನಿಂದ ನೋಡಿದರೆ ಚಕ್ರಗಳ ಮೂತಿ ಒಳಕ್ಕೆ ತಿರುಗಿದೆಯೋ ಹೊರಕ್ಕೋ ಎಂಬುದೇ ಟೋ. ಟೈರ್ ತಿನ್ನುವುದರಲ್ಲಿ ಇದರದ್ದೇ ದೊಡ್ಡ ಪಾಲು. ದಾರದಿಂದ ಅಳೆದಾಗ 14 ಇಂಚಿನ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 1 ಮಿಲಿಮೀಟರ್ ವ್ಯತ್ಯಾಸ ಬಂದರೆ ಚಕ್ರ ಸುಮಾರು 0.15 ಡಿಗ್ರಿ ತಿರುಗಿದೆ ಎಂದರ್ಥ. ಅಷ್ಟಕ್ಕೇ ಏನಾದೀತು ಅನ್ನಿಸಬಹುದು. ಲೆಕ್ಕ ಹಾಕಿದರೆ ಆ ಚಕ್ರ ಕಿಲೋಮೀಟರಿಗೆ ಎರಡೂವರೆ ಮೀಟರ್ ಅಡ್ಡಕ್ಕೆ ಹೋಗಲು ನೋಡುತ್ತಿರುತ್ತದೆ, ಕಾರು ಅದನ್ನು ನೇರಕ್ಕೆ ಎಳೆಯುತ್ತಿರುತ್ತದೆ. ವ್ಯತ್ಯಾಸ 3 ಮಿಲಿಮೀಟರ್ ಆದರೆ ಈ ಜಗ್ಗಾಟವೂ ಮೂರು ಪಟ್ಟು. ಟೈರಿನ ಬಟನ್ ಮೇಲೆ ಅಂಗೈಯನ್ನು ಅಡ್ಡಡ್ಡಕ್ಕೆ ಸವರಿ ನೋಡಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಚುಚ್ಚಿದರೆ ಟೋ ಕೆಟ್ಟಿದೆ. ಕಣ್ಣಿಗೆ ಕಾಣುವ ಮುಂಚೆ ಕೈಗೆ ಗೊತ್ತಾಗುತ್ತದೆ.

ಅಳೆಯಲು ದುಬಾರಿ ಸಾಮಾನು ಬೇಡ. ಗಾರೆ ಮೇಸ್ತ್ರಿಗಳು ಬಳಸುವ ನೈಲಾನ್ ದಾರ, ಸ್ಟೀಲ್ ಸ್ಕೇಲು, ದಾರ ಕಟ್ಟಲು ಅಲುಗಾಡದ ನಾಲ್ಕು ಸ್ಟ್ಯಾಂಡು ಅಥವಾ ಸ್ಟೂಲು ಸಾಕು. ಕಾರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ನಾಲ್ಕೂ ಟೈರಿಗೆ ಇರಲಿ. ಸಮತಟ್ಟಾದ ಜಾಗದಲ್ಲಿ ಕಾರನ್ನು ನಾಲ್ಕು ಅಡಿ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಹಿಂದಕ್ಕೆ ಬಂದು ನಿಂತರೆ ಅಳತೆ ತಪ್ಪುತ್ತದೆ. ಸ್ಟಿಯರಿಂಗ್ ನೇರವಾಗಿರಲಿ, ಅಲುಗದಂತೆ ಸೀಟಿಗೆ ಕಟ್ಟಿ. ಬಾನೆಟ್ ಎರಡು ಸಲ ಒತ್ತಿ ಬಿಡಿ, ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುತ್ತದೆ.

ಈಗ ಕಾರಿನ ಎರಡೂ ಬದಿಗೆ, ಚಕ್ರದ ನಡುಮಧ್ಯದ ಎತ್ತರಕ್ಕೆ, ಮುಂದಿನ ಬಂಪರಿನಾಚೆಯಿಂದ ಹಿಂದಿನ ಬಂಪರಿನಾಚೆಗೆ ದಾರ ಬಿಗಿದು ಕಟ್ಟಿ. ತಪ್ಪುವುದೆಲ್ಲ ಇಲ್ಲೇ, ಆದ್ದರಿಂದ ಆತುರ ಬೇಡ. ದಾರ ಟೈರಿಗೆ ತಾಗಬಾರದು. ಎರಡು ದಾರಗಳ ನಡುವಿನ ಅಗಲ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಹಿಂದಿನ ಎಡ ಹಬ್ಬಿನಿಂದ ದಾರಕ್ಕೆ ಎಷ್ಟು ದೂರವೋ ಬಲ ಹಬ್ಬಿನಿಂದಲೂ ಅಷ್ಟೇ ದೂರ ಇರಬೇಕು. ಮುಂದಿನ ಜೋಡಿಗೂ ಹಾಗೆಯೇ. ಆದರೆ ಮುಂದಿನ ದೂರ, ಹಿಂದಿನ ದೂರ ಒಂದೇ ಆಗಬೇಕಿಲ್ಲ, ಬಹಳ ಕಾರುಗಳಲ್ಲಿ ಮುಂದಿನ ಚಕ್ರಗಳ ಅಗಲವೇ ಬೇರೆ, ಹಿಂದಿನದೇ ಬೇರೆ. ಇದನ್ನು ಮರೆತು ನಾಲ್ಕೂ ಕಡೆ ಸಮ ಮಾಡಲು ಹೊರಟವರು ಒಂದಿಡೀ ಬೆಳಗ್ಗೆ ಕಳೆದುಕೊಳ್ಳುತ್ತಾರೆ.

ಚೌಕ ಕೂಡಿದ ಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆದು ಬರೆದುಕೊಳ್ಳಿ. ಮುಂದಿನ ಅಳತೆ ಹೆಚ್ಚಿದ್ದರೆ ಚಕ್ರ ಒಳಕ್ಕೆ ತಿರುಗಿದೆ, ಹಿಂದಿನದು ಹೆಚ್ಚಿದ್ದರೆ ಹೊರಕ್ಕೆ. ಟೈರಿನ ಮೈಯಿಂದ ಅಳೆಯಬೇಡಿ, ಅದು ಉಬ್ಬುತಗ್ಗಾಗಿರುತ್ತದೆ. ನೆಲ ತುಸು ಇಳಿಜಾರಿದ್ದರೆ ಟೋ ಅಳತೆಗೆ ಅಂಥ ಬಾಧೆಯಿಲ್ಲ. ಕ್ಯಾಂಬರ್ ನೋಡುವುದಾದರೆ ಮಾತ್ರ ರಸಮಟ್ಟ ಇಟ್ಟು ನೆಲದ ಮಟ್ಟ ಮೊದಲು ನೋಡಬೇಕು.

ಇನ್ನು ಕ್ಯಾಂಬರ್ ಮಾತು. ಎದುರಿಗೆ ನಿಂತು ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ ಅದು. ಹೊಂದಿಸಲು ಅವಕಾಶವೇ ಇಲ್ಲದ ಕಾರಿನಲ್ಲಿ ಕ್ಯಾಂಬರ್ ಕೆಟ್ಟಿದೆ ಎಂದರೆ ಏನೋ ಬಗ್ಗಿದೆ ಇಲ್ಲವೇ ಸವೆದಿದೆ: ಸ್ಟ್ರಟ್, ಲೋವರ್ ಆರ್ಮ್, ಅದರ ಬುಷ್, ಇವುಗಳಲ್ಲಿ ಯಾವುದೋ ಒಂದು. ಗುಂಡಿಗೆ ಬಿದ್ದ ಕಾರಿಗೆ ಇದು ಸಹಜ. ಬಗ್ಗಿದ್ದನ್ನು ಬದಲಿಸುವ ಬದಲು ಹೈಡ್ರಾಲಿಕ್ ಯಂತ್ರ ಸಿಕ್ಕಿಸಿ ಸ್ಟ್ರಟ್ ಎಳೆದು, ಅಂಕಿ ಹಸಿರು ಮಾಡಿ ಕಳಿಸುವ ಪದ್ಧತಿ ನಮ್ಮಲ್ಲಿದೆ. ಇದಕ್ಕೆ ದಯವಿಟ್ಟು ಒಪ್ಪಬೇಡಿ. ಒಮ್ಮೆ ಬಗ್ಗಿದ ಕಬ್ಬಿಣವನ್ನು ಮತ್ತೆ ಬಗ್ಗಿಸಿ ನೇರ ಮಾಡಿದರೆ ಅದರ ಕಸುವು ಹೋಗುತ್ತದೆ, ಮತ್ತು ಅದು ನಿಮ್ಮ ಮನೆಯವರನ್ನು ಕೂರಿಸಿಕೊಂಡು ಹೈವೇಯಲ್ಲಿ ಓಡುವ ಚಕ್ರವನ್ನು ಹಿಡಿದಿರುವ ಕಬ್ಬಿಣ. ಯಾವುದು ಬಗ್ಗಿದೆ ತೋರಿಸಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಎಲ್ಲ ತೊಂದರೆಯೂ ಅಲೈನ್‌ಮೆಂಟಿನದಲ್ಲ ಎಂಬುದೂ ನೆನಪಿರಲಿ. ಎಂಬತ್ತು ದಾಟಿದರೆ ಸ್ಟಿಯರಿಂಗ್ ನಡುಗುವುದು ಹೆಚ್ಚಾಗಿ ಬ್ಯಾಲೆನ್ಸಿಂಗ್ ಕೆಟ್ಟಿದ್ದರಿಂದ. ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ, ಎಡಬದಿಯಲ್ಲಿ ಓಡುವ ಕಾರು ತುಸು ಎಡಕ್ಕೆ ವಾಲುವುದೂ ದೋಷವಲ್ಲ.

ಅಳತೆ ಸಿಕ್ಕಿತು, ಟೋ ತಪ್ಪಿದೆ, ನಾನೇ ಸರಿ ಮಾಡಲೇ ಎಂದರೆ: ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದರೆ, ಕಾರು ಹಳೆಯದು ಮತ್ತು ಸರಳವಾದದ್ದಾದರೆ, ಮಾಡಿ. ಮೊದಲು ಟೈ ರಾಡ್ ಎಂಡ್ ಲೂಸಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಲೂಸಿದ್ದರೆ ಯಾವ ಅಲೈನ್‌ಮೆಂಟೂ ನಿಲ್ಲುವುದಿಲ್ಲ. ಚಕ್ರ ಪೂರ್ತಿ ತಿರುಗಿಸಿದರೆ ಬಹಳ ಕಾರುಗಳಲ್ಲಿ ಟೈ ರಾಡಿನ ಲಾಕ್ ನಟ್ ಪಕ್ಕದಿಂದಲೇ ಕೈಗೆ ಸಿಗುತ್ತದೆ. ಹಳೆಯ ಜಾಗಕ್ಕೆ ಪೇಂಟಿನಿಂದ ಗುರುತು ಹಾಕಿ, ನಟ್ ಸಡಿಲಿಸಿ. ಟೈ ರಾಡನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ, ಎರಡೂ ಕಡೆ ಸಮನಾಗಿ ತಿರುಗಿಸಿ, ಇಲ್ಲವಾದರೆ ಕಾರು ನೇರ ಹೋಗುವಾಗ ಸ್ಟಿಯರಿಂಗ್ ಸೊಟ್ಟಗಿರುತ್ತದೆ. ರಬ್ಬರ್ ಬೂಟ್ ತಿರುಚಿಕೊಳ್ಳದಂತೆ ನೋಡಿ. ಪ್ರತಿ ಸಲವೂ ಕಾರು ಮುಂದಕ್ಕೆ ಉರುಳಿಸಿ ಮತ್ತೆ ಅಳೆಯಿರಿ. ಎಷ್ಟಿರಬೇಕು ಎಂಬ ಅಂಕಿಯನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ, ಪಕ್ಕದ ಮನೆ ಕಾರಿನದು ನಿಮ್ಮದಕ್ಕೆ ಹೊಂದುವುದಿಲ್ಲ. ಕೊನೆಗೆ ಲಾಕ್ ನಟ್ ಬಿಗಿ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ಆ ನಟ್ ಮರೆತರೆ ಚಕ್ರವೇ ನಿಮ್ಮ ಮಾತು ಕೇಳುವುದಿಲ್ಲ.

ಲೇನ್ ಕಾಯುವ ಕ್ಯಾಮೆರಾ ಇರುವ, ಹಿಂದಿನ ಚಕ್ರಕ್ಕೂ ಹೊಂದಾಣಿಕೆ ಇರುವ ಹೊಸ ಕಾರುಗಳನ್ನು, ಅಪಘಾತವಾದ ಯಾವುದೇ ಕಾರನ್ನು ಮನೆಯಲ್ಲಿ ಮುಟ್ಟಬೇಡಿ. ಸ್ಟಿಯರಿಂಗ್ ಸೆನ್ಸಾರ್ ಮತ್ತು ಕ್ಯಾಮೆರಾ ಹೊಂದಿಸಲು ಯಂತ್ರವೇ ಬೇಕು. ಅಂಗಡಿಗೆ ಹೋಗಿ, ಆದರೆ ನಿಮ್ಮ ಅಳತೆಯ ಚೀಟಿ ಜೇಬಿನಲ್ಲಿರಲಿ. ಮೊದಲಿನ ಮತ್ತು ನಂತರದ ಅಂಕಿ ಎರಡರ ಪ್ರಿಂಟೂ ಕೇಳಿ ತೆಗೆದುಕೊಳ್ಳಿ. ಅಂಗಡಿಯವರಲ್ಲೂ ನನ್ನ ಕೋರಿಕೆ: ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವ ಗಿರಾಕಿಯ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಬರುವ ಭಾನುವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಅಳೆದು, ತಾರೀಕಿನ ಜೊತೆ ಬರೆದಿಡಿ. ದೊಡ್ಡ ಗುಂಡಿಗೆ ಬಿದ್ದ ದಿನ ಮತ್ತೆ ಅಳೆಯಿರಿ. ಮಕ್ಕಳು ನೋಡಲು ಬಂದರೆ ಕಲಿಸಿ, ಸ್ಕೇಲು ಅವರ ಕೈಗೇ ಕೊಡಿ. ಆದರೆ ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ, ಒಂದು ಕ್ಷಣಕ್ಕೂ, ನುಗ್ಗಬೇಡಿ. ಈ ಅಳತೆಗೆ ಕಾರು ಎತ್ತುವ ಅಗತ್ಯವೇ ಇಲ್ಲ.