ಮೊದಲು ಯಾವುದು, ಆಮೇಲೆ ಯಾವುದು?

ನಾನು ಇಂಗ್ಲಿಷ್ ಮೇಷ್ಟ್ರಲ್ಲ, ವಿಜ್ಞಾನದ ಮೇಷ್ಟ್ರು. ಆದರೂ ಈ ವಾರ ಇಂಗ್ಲಿಷ್ ವ್ಯಾಕರಣದ ಮಾತು. ಅದಕ್ಕೆ ಕಾರಣ ಒಂದು ಒಡೆದ ಪ್ರನಾಳ.

ಆಮ್ಲಜನಕ ತಯಾರಿಸುವ ಪ್ರಯೋಗ ನಡೆಯುತ್ತಿತ್ತು. ಪೊಟ್ಯಾಸಿಯಂ ಪರ್ಮಾಂಗನೇಟನ್ನು ಪ್ರನಾಳದಲ್ಲಿ ಕಾಯಿಸಿ, ಬರುವ ಅನಿಲವನ್ನು ನಳಿಕೆಯ ಮೂಲಕ ತೊಟ್ಟಿಯ ನೀರಿಗೆ ಹಾಯಿಸಿ ಜಾಡಿಯಲ್ಲಿ ಹಿಡಿಯುತ್ತೇವಲ್ಲ, ಅದೇ. ಕೊನೆಗೆ ಮಾಡಬೇಕಾದದ್ದನ್ನು ಬೋರ್ಡಿನ ಮೇಲೆ ಬರೆದಿದ್ದೆ: ‘ರಿಮೂವ್ ದಿ ಬರ್ನರ್ ಆಫ್ಟರ್ ಯು ಟೇಕ್ ದಿ ಟ್ಯೂಬ್ ಔಟ್ ಆಫ್ ದಿ ವಾಟರ್.’ ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಹುಡುಗನೊಬ್ಬ ಓದಿದ ಕ್ರಮದಲ್ಲೇ ಮಾಡಿದ. ಮೊದಲು ಬರ್ನರ್ ತೆಗೆದ. ಪ್ರನಾಳ ತಣಿಯುತ್ತಿದ್ದಂತೆ ಒಳಗಿನ ಅನಿಲ ಕುಗ್ಗಿತು. ಹೊರಗಿನ ವಾಯುವಿನ ಒತ್ತಡ ತೊಟ್ಟಿಯ ನೀರನ್ನು ನಳಿಕೆಯೊಳಗೆ ಏರಿಸಿತು. ತಣ್ಣೀರು ತಾಗಿದ್ದೇ ತಡ, ಕಾದ ಗಾಜು ಪಟ್ಟೆಂದು ಸೀಳಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಹುಡುಗನಿಗೆ ಚೆನ್ನಾಗಿ ಬೈದೆ. ಮನೆಗೆ ಹೋಗುವಾಗ ಅನ್ನಿಸಿತು, ಬೈಸಿಕೊಳ್ಳಬೇಕಾದವನು ನಾನು.

ಕನ್ನಡದಲ್ಲಿ ‘ನಳಿಕೆಯನ್ನು ನೀರಿನಿಂದ ತೆಗೆದ ಮೇಲೆ ಬರ್ನರ್ ತೆಗೆ’ ಎನ್ನುತ್ತೇವೆ. ಮೊದಲು ಮಾಡುವ ಕೆಲಸ ವಾಕ್ಯದಲ್ಲೂ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ ಈ ಕಟ್ಟುಪಾಡಿಲ್ಲ. ‘ಆಫ್ಟರ್’ನಿಂದ ಶುರುವಾಗುವ ಉಪವಾಕ್ಯ ಮುಂದೆಯೂ ಕೂರಬಹುದು, ಹಿಂದೆಯೂ ಕೂರಬಹುದು. ಈಗ ನಾನು ಬರೆಯುವುದು ಹೀಗೆ: ‘ಆಫ್ಟರ್ ಯು ಟೇಕ್ ದಿ ಟ್ಯೂಬ್ ಔಟ್ ಆಫ್ ದಿ ವಾಟರ್, ರಿಮೂವ್ ದಿ ಬರ್ನರ್.’ ಉಪವಾಕ್ಯ ಮುಂದೆ ಬಂದಾಗ ಅದರ ಕೊನೆಗೆ ಅಲ್ಪವಿರಾಮ ಹಾಕಿ. ‘ಆಫ್ಟರ್ ಯು ವಿಲ್ ಟೇಕ್’ ಎಂದು ಮಾತ್ರ ಬರೆಯಬೇಡಿ. ಕೆಲಸ ಇನ್ನು ಮುಂದೆ ಆಗುವುದಾದರೂ ಅಲ್ಲಿ ‘ವಿಲ್’ ಬೇಡ.

ರೆಕಾರ್ಡ್ ಪುಸ್ತಕ ತಿದ್ದುವಾಗ ವರ್ಷವೂ ಸಿಗುವ ಇನ್ನೊಂದು ವಾಕ್ಯವಿದೆ: ‘ವೈಲ್ ಹೀಟಿಂಗ್ ದಿ ಟ್ಯೂಬ್, ದಿ ಗ್ಯಾಸ್ ಕೇಮ್ ಔಟ್.’ ‘ಪ್ರನಾಳ ಕಾಯಿಸುತ್ತಿರುವಾಗ ಅನಿಲ ಬಂತು’ ಎಂಬುದು ಕನ್ನಡದಲ್ಲಿ ಸರಿಯೇ. ಇಂಗ್ಲಿಷಿನಲ್ಲಿ ಹಾಗೆ ಬರೆದರೆ ಕಾಯಿಸಿದ್ದೂ ಅನಿಲವೇ ಎಂದಾಗುತ್ತದೆ! ‘ವೈಲ್ ಐ ವಾಸ್ ಹೀಟಿಂಗ್’ ಎಂದು ಬರೆದರೆ ಕಾಯಿಸಿದವರು ನೀವು ಎಂದು ತಿಳಿಯುತ್ತದೆ.

ತಂದೆತಾಯಂದಿರಿಗೆ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ‘ಡು ನಾಟ್ ಓಪನ್ ದಿ ಕುಕ್ಕರ್ ಅಂಟಿಲ್ ದಿ ಪ್ರೆಷರ್ ಡ್ರಾಪ್ಸ್’ ಎಂದು ಚೀಟಿಯಲ್ಲಿ ಬರೆದು ಮಗುವಿಗೆ ಕೊಡಿ. ಕನ್ನಡಕ್ಕೆ ತಿರುಗಿಸು ಎನ್ನಬೇಡಿ. ಮೊದಲು ಏನಾಗಬೇಕು, ಆಮೇಲೆ ಏನು ಮಾಡಬೇಕು ಎಂದಷ್ಟೇ ಕೇಳಿ. ಕುಕ್ಕರು ಒಲೆಯ ಮೇಲೆ ಇಲ್ಲದಾಗ ಕೇಳುವುದು ಒಳ್ಳೆಯದು.